ರಾಮ ಅಂಕಿತದ ಫೈಲುಗಳು

ಕಳೆದ ತಿಂಗಳು ಶಿವಮೊಗ್ಗದ ಮನೆಗೆ ಹೋದಾಗ ಅಟ್ಟ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ತಳ ತೂತಾದ ಹಂಡೆ, ನನ್ನ ಪಿಯುಸಿ ಪುಸ್ತಕ, ಯಾರದೋ ಮದುವೆಯ ಮೂವತ್ತು ಸ್ಟೀಲ್ ಲೋಟ. ಅದರ ಮಧ್ಯೆ ಒಂದು ಬಿಸ್ಕತ್ತಿನ ಡಬ್ಬಿ. ಅಮ್ಮನ ಸೂಜಿ ದಾರ ಇರಬಹುದು ಅಂದುಕೊಂಡು ತೆಗೆದರೆ ಒಳಗೆ ಹನ್ನೊಂದು ಫ್ಲಾಪಿ. ಒಂದೊಂದರ ಮೇಲೂ ಅಪ್ಪನ ದುಂಡು ಅಕ್ಷರ: ದಾಸರ ಪದ 1, ದಾಸರ ಪದ 2, ಭಾವಗೀತೆ, ವೀಣೆ, ಕೊಳಲು, ಇತರೆ. ಅಪ್ಪ ಕೆಇಬಿಯಲ್ಲಿ ಮೂವತ್ನಾಲ್ಕು ವರ್ಷ ಗುಮಾಸ್ತರಾಗಿದ್ದವರು. 'ಇತರೆ' ಇಲ್ಲದ ಲೆಕ್ಕವನ್ನು ಅವರು ಲೆಕ್ಕ ಅಂತಲೇ ಒಪ್ಪುವುದಿಲ್ಲ.

ಈ ಫ್ಲಾಪಿಗಳ ವಿಷಯದಲ್ಲಿ ನನ್ನದೊಂದು ತಪ್ಪಿದೆ. ಅದನ್ನು ಹೇಳಬೇಕು ಅಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮನೆಗೆ ಕಂಪ್ಯೂಟರ್ ಬಂದದ್ದು 2001ರಲ್ಲಿ. ಅಸೆಂಬಲ್ ಮಾಡಿಸಿದ್ದು. 64 ಎಂಬಿ ರ್‍ಯಾಮ್, ವಿಂಡೋಸ್ 98, ಎರಡು ಪುಟ್ಟ ಸ್ಪೀಕರ್. ಅಮ್ಮ ಹಳೇ ಪರದೆಯ ಬಟ್ಟೆಯಲ್ಲಿ ಅದಕ್ಕೊಂದು ಮುಸುಕು ಹೊಲಿದರು. ಕಂಪ್ಯೂಟರ್ ನನ್ನ ಓದಿಗೆ ಅಂತ ತಂದದ್ದು, ಆದರೆ ನಾನು ಇದ್ದದ್ದು ಮೈಸೂರಿನ ಹಾಸ್ಟೆಲಿನಲ್ಲಿ. ಆಗಷ್ಟೇ ನಿವೃತ್ತರಾಗಿದ್ದ ಅಪ್ಪ ಅದರ ಮುಂದೆ ಕೂತರು. ಮೊದಲ ತಿಂಗಳು ಇಸ್ಪೀಟು ಆಡಿದರು. ಎರಡನೇ ತಿಂಗಳು, ಇಂಟರ್ನೆಟ್ಟಿನಲ್ಲಿ ಹಾಡು ಸಿಗುತ್ತವೆ ಅಂತ ಯಾರೋ ಅವರಿಗೆ ಹೇಳಿದರು.

ಅಪ್ಪನಿಗೆ ಹಾಡಿನ ಹುಚ್ಚು ಮೊದಲಿಂದಲೂ ಇತ್ತು. ಭದ್ರಾವತಿ ಆಕಾಶವಾಣಿ ಹಚ್ಚಿ, ಟೂ ಇನ್ ಒನ್ನಿನ ಕೆಂಪು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ನಿರೂಪಕರು ಮಾತು ಮುಗಿಸುವುದಕ್ಕೂ ತಂಬೂರಿ ಶುರುವಾಗುವುದಕ್ಕೂ ನಡುವಿನ ಆ ಅರ್ಧ ಸೆಕೆಂಡಿಗೆ ಗುಂಡಿ ಒತ್ತುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಂಥವರಿಗೆ, ಕಾಯುವ ಹಾಗಿಲ್ಲ, ಕ್ಲಿಕ್ ಮಾಡಿದರೆ ಹಾಡುತ್ತೆ ಅಂದರೆ ಹೇಗಾಗಿರಬೇಡ!

ಕ್ಲಿಕ್ ಮಾಡಿದರೆ ಹಾಡುತ್ತಿರಲಿಲ್ಲ, ಆ ಮಾತು ಬೇರೆ. ಮೊದಲು ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಬೇಕು. ಅದು ಗಂಟಲು ಕೆಟ್ಟ ಕಾಗೆಯ ಹಾಗೆ ಕೂಗಿ ಮುಗಿಸಬೇಕು. ಆಮೇಲೆ ಯಾರ ಫೋನೂ ಬರುವ ಹಾಗಿಲ್ಲ. ಸಾಗರದ ಅತ್ತೆ, "ನಿಮ್ಮನೆ ಫೋನು ಯಾವಾಗ್ಲೂ ಎಂಗೇಜು, ಏನು ಮಾತಾಡ್ತಾರಪ್ಪ ಅಷ್ಟೊಂದು" ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದರು. ಇಷ್ಟೆಲ್ಲ ಆಗಿ ಹಾಡಿನ ಹೆಸರಿನ ಮೇಲೆ ಒತ್ತಿದರೆ, ಈ ಫೈಲನ್ನು ಯಾವುದರಲ್ಲಿ ತೆರೆಯಲಿ ಅಂತ ಕಂಪ್ಯೂಟರ್ ವಾಪಸ್ ಕೇಳುತ್ತಿತ್ತು. ಅಪ್ಪ ಮೊದಲ ಸಲ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರಂತೆ. ಒಂದು ಸಾಲು ಇಂಗ್ಲಿಷ್ ಬಂತು, ಮುಚ್ಚಿಬಿಟ್ಟೆ ಅಂದರು. ಆ ಸಾಲನ್ನು ಆಗಲೇ ಓದಿ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ರಿಯಲ್‌ಪ್ಲೇಯರ್ ಹಾಕಿಕೊಳ್ಳಿ ಅಂತ ಫೋನಿನಲ್ಲಿ ಹೇಳಿದೆ. ಹಾಸ್ಟೆಲಿನ ಫೋನು, ಹಿಂದೆ ನಾಲ್ಕು ಜನ ಕ್ಯೂ. "ಸ್ಟಾರ್ಟ್ ಒತ್ತಿ ಅಪ್ಪ." "ಒತ್ತಿದೆ." "ಏನು ಬಂತು?" "ಬಂದಿದ್ದು ಹೋಯ್ತು." ಪ್ಲೇಯರ್ ಇಳಿಯುವುದಕ್ಕೆ ಮೂರು ರಾತ್ರಿ ಬೇಕಾಯಿತು. ಎರಡು ಸಲ ಅರ್ಧಕ್ಕೆ ಲೈನು ಕಟ್ಟಾಗಿ ಮತ್ತೆ ಮೊದಲಿಂದ. ನಾಲ್ಕನೇ ದಿನ ಬೆಳಗ್ಗೆ ಅಪ್ಪನ ಫೋನು. ಮಾತೇ ಇಲ್ಲ, ರಿಸೀವರನ್ನು ಸ್ಪೀಕರ್ ಹತ್ತಿರ ಹಿಡಿದಿದ್ದಾರೆ. ಆಮೇಲೆ ಹೊಳೆಯಿತು. ಇಂಟರ್ನೆಟ್ಟಿಗೂ ಅದೇ ಲೈನು ತಾನೇ? ಹಾಗಾದರೆ ಫೋನ್ ಎಲ್ಲಿಂದ ಬಂತು? ಪಕ್ಕದ ಮನೆಯಿಂದ ಉದ್ದನೆಯ ವೈರು ಎಳೆಸಿ ಅವರ ಫೋನನ್ನು ನಮ್ಮ ಹಜಾರಕ್ಕೆ ತರಿಸಿಕೊಂಡಿದ್ದರಂತೆ. ಕೆಇಬಿಯವರಿಗೆ ವೈರು ದೊಡ್ಡ ವಿಷಯವಲ್ಲ.

ನೀರಿನೊಳಗೆ ಕೂತು ಹಾಡಿದ ಹಾಗಿತ್ತು ಆ ಧ್ವನಿ. ಅದಕ್ಕೆ ಕಾರಣವೂ ಇದೆ. ಆ ಪ್ಲೇಯರ್ ಹಾಡಿಸುವ ಫೈಲಿನ ಬಗೆಗೆ ರಿಯಲ್‌ಆಡಿಯೋ ಅಂತ ಹೆಸರು. ಅದು 1995ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ್ದು. ಆ ಕಾಲದ ಮೋಡೆಮ್ಮು ನಮ್ಮದಕ್ಕಿಂತಲೂ ನಿಧಾನ. ಫೈಲು ಪೂರ್ತಿ ಇಳಿಯುವ ತನಕ ಕಾಯುವುದು ಬೇಡ, ಬರುತ್ತಿದ್ದ ಹಾಗೇ ಹಾಡಿಸೋಣ ಅನ್ನುವುದು ಅದನ್ನು ಮಾಡಿದವರ ಲೆಕ್ಕ. ಸಿಡಿಯಲ್ಲಿರುವ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಈ ಹಾಡುಗಳನ್ನು 20ಕ್ಕೋ 32ಕ್ಕೋ ಹಿಂಡಿ ಇಟ್ಟಿರುತ್ತಿದ್ದರು. ಅಷ್ಟು ಹಿಂಡಿದ ಮೇಲೂ ಯಾರ ಧ್ವನಿ ಅಂತ ಗುರುತು ಸಿಗುತ್ತಿತ್ತಲ್ಲ, ನನಗೆ ಇವತ್ತಿಗೂ ಆಶ್ಚರ್ಯ ಅದೇ. ತಂಬೂರಿ ಮಾತ್ರ ಕೆಟ್ಟುಹೋಗುತ್ತಿತ್ತು. ಒಂದೇ ಸಮ ಮಿಡಿಯಬೇಕಾದದ್ದು ಗಾಳಿಗೆ ಸಿಕ್ಕ ದೀಪದ ಹಾಗೆ ಹೊಯ್ದಾಡುತ್ತಿತ್ತು. "ತಂಬೂರಿ ಶ್ರುತಿ ಸೇರ್ತಿಲ್ಲ, ಉಳಿದಿದ್ದು ಪರವಾಗಿಲ್ಲ" ಅಂತ ಅಪ್ಪ ಷರಾ ಬರೆದರು.

ಎಂಪಿ3 ಆಗಲೂ ಇತ್ತು, ಇಲ್ಲವೆಂದಲ್ಲ. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರಾನ್‌ಹೋಫರ್ ಸಂಸ್ಥೆಯವರು ವರ್ಷಗಟ್ಟಲೆ ಕೂತು ಕಂಡುಕೊಂಡದ್ದರಲ್ಲಿ ಮುಖ್ಯವಾದದ್ದು ಮಲೆನಾಡಿನವರಿಗೆ ಹೊಸದೇನಲ್ಲ. ಹಂಚಿನ ಮೇಲೆ ಮಳೆ ಹೊಯ್ಯುವಾಗ ಗಡಿಯಾರದ ಟಿಕ್ ಟಿಕ್ ಕೇಳುವುದಿಲ್ಲ ಅಲ್ವಾ? ಹಾಗೆ ಕಿವಿಗೆ ಹೇಗೂ ಬೀಳದ್ದನ್ನು ಕೂಡಿಡುವುದು ಯಾಕೆ, ಬಿಟ್ಟುಬಿಡಿ ಅಂದರು. ಫೈಲು ಹನ್ನೊಂದನೇ ಒಂದು ಭಾಗಕ್ಕೆ ಇಳಿಯಿತು. ಹಾಗಿದ್ದೂ ನಾಲ್ಕು ನಿಮಿಷದ ಹಾಡು ಹೆಚ್ಚು ಕಡಿಮೆ 4 ಎಂಬಿ. ನಮ್ಮ ಲೈನಿನಲ್ಲಿ, ಮಳೆ ಇಲ್ಲದ ದಿನ, ಅದು ಇಳಿಯುವುದಕ್ಕೆ ಹದಿನೈದಿಪ್ಪತ್ತು ನಿಮಿಷ. ಅಪ್ಪನಿಗೆ ಬೇಕಾದ ಹಾಡುಗಳು ಸಿಗುತ್ತಿದ್ದದ್ದೇ ರಿಯಲ್‌ಆಡಿಯೋದಲ್ಲಿ. ಹಾಗಾಗಿ ಆ ಯೋಚನೆ ಅಲ್ಲಿಗೇ ನಿಂತಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹಾಡುಗಳನ್ನು ಉಳಿಸಿಕೊಳ್ಳಬಹುದಾ ಅಂತ ಅಪ್ಪ ಕೇಳಿದರು. ರೈಟ್ ಕ್ಲಿಕ್ ಮಾಡಿ, 'ಸೇವ್ ಟಾರ್ಗೆಟ್ ಆ್ಯಸ್' ಅಂತ ಬರುತ್ತೆ, ಅದನ್ನು ಒತ್ತಿ ಅಂದೆ. ಒತ್ತಿದರು. ಕಣ್ಣು ಮಿಟುಕಿಸುವುದರಲ್ಲಿ ಹಾಡು ಇಳಿದುಬಿಟ್ಟಿತು. ಮೂರು ರಾತ್ರಿ ಕಾದಿದ್ದ ಮನುಷ್ಯನಿಗೆ ಅನುಮಾನ ಬರಬೇಕಿತ್ತು. ಬಂದದ್ದು ಖುಷಿ. ಇಳಿದ ಫೈಲುಗಳ ಬಾಲ ಆರ್, ಎ, ಎಂ. ಅಪ್ಪ ಅದನ್ನು ರಾಮ್ ಅಂತಲೇ ಓದಿದರು. "ನೋಡು ಪುಟ್ಟಿ, ದಾಸರು ಪದದ ಕೊನೆಗೆ ಅಂಕಿತ ಹಾಕೋ ಹಾಗೆ ಇವನು ಎಲ್ಲಾದರ ಕೊನೆಗೂ ರಾಮ ಅಂತ ಹಾಕಿದಾನೆ. ಪುರಂದರ ವಿಠಲನ ಮೇಲೂ ರಾಮನೇ, ಸಿನಿಮಾ ಹಾಡಿನ ಮೇಲೂ ರಾಮನೇ!"

ಆಮೇಲಿಂದ ಸುಗ್ಗಿ. ಸಂಜೆ ಆರರಿಂದ ಏಳು ಇಂಟರ್ನೆಟ್ಟಿನ ಹೊತ್ತು. ಫೈಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದು ಫ್ಲಾಪಿಗೆ ತುಂಬುವುದು. ಪಕ್ಕದಲ್ಲಿ ರಿಜಿಸ್ಟರ್. ಕ್ರಮ ಸಂಖ್ಯೆ, ಹಾಡು, ಹಾಡಿದವರು, ರಾಗ, ಷರಾ. ಒಂದು ದಿನ ಹಾಸ್ಟೆಲಿಗೆ ಫೋನ್ ಮಾಡಿ, "ಒಂದು ಫ್ಲಾಪಿಗೆ ಎಪ್ಪತ್ತು ಚಿಲ್ಲರೆ ಹಾಡು ಹಿಡಿಯುತ್ತೆ, ಆಮೇಲೆ ತುಂಬಿದೆ ಅನ್ನುತ್ತೆ, ಸರೀನಾ?" ಅಂದರು. ಫ್ಲಾಪಿಯಲ್ಲಿ ಇರುವ ಜಾಗವೇ 1.44 ಎಂಬಿ. ಎಪ್ಪತ್ತು ಹಾಡು ಅಂದರೆ ಒಂದಕ್ಕೆ 20 ಕೆಬಿ. ಎರಡನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ ನಾನು, ಭಾಗಾಕಾರ ಬಾರದವಳೇನಲ್ಲ. ಆದರೂ ಏನು ಹೇಳಿದೆ ಗೊತ್ತಾ? "ಅವೆಲ್ಲ ಕಂಪ್ರೆಸ್ ಆಗಿರ್ತಾವೆ ಅಪ್ಪ."

ಅದನ್ನು ಹೇಳಿದ ಗತ್ತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಫ್ಲಾಪಿ ತುಂಬಿರಲೇ ಇಲ್ಲ. ತುಂಬಿದ್ದು ಅದರ ಹೆಸರಿನ ಪಟ್ಟಿ. ಆ ಫ್ಲಾಪಿಯ ಮೊದಲ ಪಟ್ಟಿಯಲ್ಲಿ 224 ಸಾಲಿಗೆ ಮಾತ್ರ ಜಾಗ. ಅಪ್ಪ ಇಟ್ಟಂಥ ಉದ್ದ ಹೆಸರು ಒಂದೊಂದೂ ಮೂರು ಸಾಲು ತಿನ್ನುತ್ತದೆ. 224ನ್ನು ಮೂರರಿಂದ ಭಾಗಿಸಿ ನೋಡಿ, ಎಪ್ಪತ್ತು ಚಿಲ್ಲರೆಯೇ ಬರುತ್ತದೆ. ಕಲ್ಯಾಣ ಮಂಟಪದಲ್ಲಿ ಊಟದೆಲೆ ಖಾಲಿ, ಆದರೆ ಮುಯ್ಯಿ ಬರೆಯುವ ಪುಸ್ತಕ ತುಂಬಿಹೋಗಿದೆ. ಹಾಗಾಗಿತ್ತು.

ವರ್ಷದ ಮೇಲೆ ಯಾರಿಗೂ ಇದು ಗೊತ್ತಾಗಲಿಲ್ಲ. ಫ್ಲಾಪಿ ಹಾಕಿ ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಹಾಡು ಬರುತ್ತಿತ್ತಲ್ಲ! ಅಪ್ಪ ಹಾಡು ಕೇಳಲು ಕೂರುತ್ತಿದ್ದದ್ದೇ ಇಂಟರ್ನೆಟ್ಟಿನ ಹೊತ್ತಿನಲ್ಲಿ. ಲೈನು ಇಲ್ಲದಾಗ ಹಾಡಿಸಿ ನೋಡುವ ಪ್ರಸಂಗವೇ ಬಂದಿರಲಿಲ್ಲ. ಬಂದದ್ದು 2003ರ ಆಷಾಢದಲ್ಲಿ. ಮರ ಬಿದ್ದು ನಮ್ಮ ಬೀದಿಯ ಫೋನೆಲ್ಲ ಒಂಬತ್ತು ದಿನ ಸತ್ತಿದ್ದವು. ಕರೆಂಟು ಇತ್ತು. ನಾನು ರಜೆಗೆ ಬಂದಿದ್ದೆ. ಹೊರಗೆ ಒಂದೇ ಸಮ ಮಳೆ, ಒಳಗೆ ಹಲಸಿನ ಹಪ್ಪಳ. ಅಪ್ಪ 'ವೀಣೆ' ಫ್ಲಾಪಿ ಹಾಕಿದರು. ಹಾಡಲಿಲ್ಲ. 'ದಾಸರ ಪದ 1' ಹಾಕಿದರು. ಅದೂ ಇಲ್ಲ.

ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಆರ್‌ಟಿಎಸ್‌ಪಿ ಅಂತ ಶುರುವಾಗಿ ಆರ್‌ಎಂ ಅಂತ ಮುಗಿಯುವ ಒಂದೇ ಸಾಲು. ಹಾಡಲ್ಲ ಅದು, ಹಾಡು ಎಲ್ಲಿದೆ ಅನ್ನುವ ವಿಳಾಸ. ಬ್ರೌಸರ್ ಈ ಚೀಟಿಯನ್ನು ಪ್ಲೇಯರ್ ಕೈಗೆ ಕೊಡುತ್ತದೆ. ಪ್ಲೇಯರ್ ಆ ವಿಳಾಸಕ್ಕೆ ಹೋಗಿ ಹಾಡನ್ನು ತೊಟ್ಟು ತೊಟ್ಟಾಗಿ ತರುತ್ತದೆ, ಕೇಳಿಸಿದ ತೊಟ್ಟನ್ನು ಅಲ್ಲೇ ಚೆಲ್ಲುತ್ತದೆ. ಅಪ್ಪ ಕೂಡಿಟ್ಟದ್ದು ಏಳುನೂರಕ್ಕೂ ಜಾಸ್ತಿ ಚೀಟಿ. ಹಾಡು ಅದರಲ್ಲಿ ಒಂದೂ ಇಲ್ಲ.

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ನಾನು ತೊದಲುತ್ತಾ ವಿವರಿಸಿದ್ದನ್ನು ಪೂರ್ತಿ ಕೇಳಿದರು. ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡು ಅಂದರು: "ಹಂಗಾದ್ರೆ ನಮ್ಮ ಹತ್ರ ಇರೋದು ಸ್ವಿಚ್ಚು. ಕರೆಂಟು ಇರೋದು ಜೋಗದಲ್ಲಿ."

ನಾನು ಅರ್ಧ ಗಂಟೆ ಒದ್ದಾಡಿ ಹೇಳಿದ್ದು ಅಷ್ಟೇ.

ಮಾರನೇ ವಾರ ಅಪ್ಪ ಗಾಂಧಿ ಬಜಾರಿನ ರೇಡಿಯೋ ರಿಪೇರಿ ಅಂಗಡಿಯಿಂದ ಎರಡೂ ಕಡೆ ಪಿನ್ ಇರುವ ಒಂದು ವೈರು ತಂದರು. ಒಂದು ತುದಿ ಕಂಪ್ಯೂಟರಿನ ಸ್ಪೀಕರ್ ತೂತಿಗೆ, ಇನ್ನೊಂದು ತುದಿ ಟೂ ಇನ್ ಒನ್ನಿನ ಮೈಕ್ ತೂತಿಗೆ. ಹಾಡು ಶುರುವಾಗುತ್ತಿದ್ದ ಹಾಗೆ ಕೆಂಪು ಗುಂಡಿ. ನನ್ನ ಎಂಜಿನಿಯರಿಂಗಿನಿಂದ ಆಗದ್ದು ಅವರ ಹಳೇ ಬೆರಳಿನಿಂದ ಆಯಿತು. ಕಂಪ್ಯೂಟರಿನ ಒಳಗೇ ರೆಕಾರ್ಡ್ ಮಾಡುವ ದಾರಿಯೂ ಇದೆ, ಸೌಂಡ್ ಕಾರ್ಡಿನ ಸೆಟ್ಟಿಂಗಿನಲ್ಲಿ ಸ್ಟೀರಿಯೋ ಮಿಕ್ಸ್ ಅಂತ ಇರುತ್ತೆ ಅಂತ ಹೇಳಿ ನೋಡಿದೆ. ನನ್ನ ಸಲಹೆಗಳಿಗೆ ಮನೆಯಲ್ಲಿ ಆಗ ಅಂಥ ಬೆಲೆ ಇರಲಿಲ್ಲ.

ಹಾಗೆ ತುಂಬಿಸಿದ ಒಂದು ಕ್ಯಾಸೆಟ್ ಈ ಸಲ ಸಿಕ್ಕಿತು, ಹಾಡಿಯೂ ಹಾಡಿತು. ಪದದ ಎರಡನೇ ಚರಣದಲ್ಲಿ ಧ್ವನಿ ಟಪ್ಪಂತ ನಿಲ್ಲುತ್ತದೆ. ಲೈನು ನಿಧಾನವಾಗಿ ಬಫರ್ ಆಗುತ್ತಿರುವ ಹೊತ್ತು ಅದು. ಹನ್ನೊಂದು ಸೆಕೆಂಡು ಏನೂ ಇಲ್ಲ. ಆಮೇಲೆ ಅರ್ಧ ಅಕ್ಷರದಿಂದ ಮುಂದುವರಿಯುತ್ತದೆ. ಅಪ್ಪ ಆ ಪದವನ್ನು ಇವತ್ತಿಗೂ ಅಲ್ಲಿ ಸ್ವಲ್ಪ ತಡೆದೇ ಗುನುಗುತ್ತಾರೆ. ಅಮ್ಮ ತೋರಿಸಿಕೊಟ್ಟ ಮೇಲೆ ನನಗೆ ಗೊತ್ತಾಯಿತು.

ಮಧ್ಯದ ವರ್ಷಗಳಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಬ್ರಾಡ್‌ಬ್ಯಾಂಡ್ ಬಂತು. ರಾತ್ರಿ ಎರಡರಿಂದ ಬೆಳಗ್ಗೆ ಎಂಟರ ತನಕ ಇಳಿಸಿದ್ದಕ್ಕೆ ಲೆಕ್ಕವಿಲ್ಲ ಅನ್ನುವ ಪ್ಲಾನು. ಅಪ್ಪ ಬ್ರಾಹ್ಮೀ ಮುಹೂರ್ತಕ್ಕೂ ಮೊದಲು ಅಲಾರಂ ಇಟ್ಟು ಏಳುತ್ತಿದ್ದರು. ಹೊಸ ಪ್ಲೇಯರ್ ಹಾಕಿದಾಗಲೆಲ್ಲ ಅದು, ಇನ್ನು ಮೇಲೆ ಎಲ್ಲ ಹಾಡೂ ನನ್ನ ಸುಪರ್ದಿಗೆ ತಾನೇ ಅಂತ ಕೇಳುತ್ತಿತ್ತು. ಹಳೆಯದು ಒಪ್ಪುತ್ತಿರಲಿಲ್ಲ. ಜಮೀನಿನ ಪಹಣಿಗೆ ಜಗಳ ಆಡುವ ಅಣ್ಣ ತಮ್ಮಂದಿರ ಹಾಗೆ. ಈ ಜಗಳ ನಿಂತದ್ದು ವಿಎಲ್‌ಸಿ ಅನ್ನುವ ಪ್ಲೇಯರ್ ಬಂದ ಮೇಲೆ. ಅದು ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು 1996ರಲ್ಲಿ ಕೈಹಾಕಿ, 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ರಸ್ತೆ ರಿಪೇರಿಗೆ ಇಡುವ ಕಿತ್ತಳೆ ಕೋನ್ ಅದರ ಗುರುತು. ಬೇಕಾದ ಕೋಡೆಕ್ಕುಗಳನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುವುದು ಅದರ ಗುಣ. ಹಿಂಡಿ ಇಟ್ಟ ಹಾಡನ್ನು ಮತ್ತೆ ಅರಳಿಸುವ ವಿದ್ಯೆಗೆ ಕೋಡೆಕ್ ಅನ್ನುತ್ತಾರೆ. ಅದಿಲ್ಲದಿದ್ದರೆ ಫೈಲು ಇದ್ದೂ ಇಲ್ಲದ ಹಾಗೆ.

2006ರಲ್ಲಿ ನಾನು ಇನ್ನೊಂದು ಸಾಹಸ ಮಾಡಿದೆ. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಬುಂಟು ಲಿನಕ್ಸ್‌ನವರು ಆಗ ಕೇಳಿದವರಿಗೆ ಪುಕ್ಕಟೆಯಾಗಿ ಸಿಡಿ ಪೋಸ್ಟ್ ಮಾಡುತ್ತಿದ್ದರು. ಹೊರದೇಶದ ಲಕೋಟೆ ಬಂದದ್ದಕ್ಕೇ ಮನೆಯಲ್ಲಿ ಸಂಭ್ರಮ. ವೈರಸ್ಸಿನಿಂದ ನರಳುತ್ತಿದ್ದ ಕಂಪ್ಯೂಟರಿಗೆ ಅದನ್ನು ಹಾಕಿದೆ. ಎಲ್ಲ ಚೆಂದ, ಎಂಪಿ3 ಮಾತ್ರ ಹಾಡುವುದಿಲ್ಲ. ಅದು ಕೆಟ್ಟದ್ದಲ್ಲ, ಬೇಕಂತಲೇ ಬಿಟ್ಟದ್ದು. ಎಂಪಿ3ಗೆ ಪೇಟೆಂಟ್ ಇತ್ತು, ಪುಕ್ಕಟೆ ಹಂಚುವ ಸಿಡಿಯಲ್ಲಿ ಅದರ ಕೋಡೆಕ್ ಸೇರಿಸುವ ಹಾಗಿರಲಿಲ್ಲ. ಬೇಕಾದವರು ತಾವೇ ಆಮೇಲೆ ಇಳಿಸಿಕೊಳ್ಳಬೇಕು. ಆ ಕಟ್ಟುಗಳಿಗೆ ಗುಡ್, ಬ್ಯಾಡ್, ಅಗ್ಲಿ ಅಂತ ಹೆಸರು. ಎಂಪಿ3 ಇದ್ದದ್ದು ಅಗ್ಲಿಯಲ್ಲಿ. ಅಂದರೆ ಕೆಲಸಕ್ಕೆ ಏನೂ ಕಮ್ಮಿ ಇಲ್ಲ, ಲೈಸೆನ್ಸಿನದ್ದು ಮಾತ್ರ ತಕರಾರು. "ಹುಡುಗಿ ಲಕ್ಷಣವಾಗಿದಾಳೆ, ಜಾತಕ ಸರಿ ಇಲ್ಲ ಅಂದ ಹಾಗೆ" ಅಂದರು ಅಮ್ಮ. ಆ ಪೇಟೆಂಟಿನ ಅವಧಿಯೆಲ್ಲ ತೀರಿ ಫ್ರಾನ್‌ಹೋಫರ್‌ನವರು ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿದ್ದು 2017ರಲ್ಲಿ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹಾಡು ಕೇಳುವುದಕ್ಕೆ ಕಂಪ್ಯೂಟರ್ ಹಚ್ಚುವವರೇ ಇರಲಿಲ್ಲ.

ಈಗ ಆ ಡಬ್ಬಿಯ ವಿಷಯ. ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವ್ ಒಂದನ್ನು ತರಿಸಿದೆ. ಹನ್ನೊಂದರಲ್ಲಿ ಐದಕ್ಕೆ ಬೂಷ್ಟು ಹಿಡಿದಿತ್ತು. ಶಿವಮೊಗ್ಗದ ಇಪ್ಪತ್ತು ಮಳೆಗಾಲ ಅಂದರೆ ಸುಮ್ನೆ ಅಲ್ಲ. ಆರು ಓದಿಕೊಂಡವು. ರಿಯಲ್‌ಆಡಿಯೋ ಹಳತಾಯಿತು, ಅದರಿಂದಲೇ ಹಾಡುವುದಿಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಒಂದು ಹಳೇ ಸಿಡಿಯಲ್ಲಿ ನಿಜವಾದ ಆರ್‌ಎಂ ಫೈಲು, ಅಂದರೆ ಚೀಟಿಯಲ್ಲ, ಹಾಡೇ ಇರುವ ಫೈಲು ಸಿಕ್ಕಿತ್ತು, ಅದನ್ನು ವಿಎಲ್‌ಸಿ ತಕರಾರಿಲ್ಲದೆ ಹಾಡಿತು. ಅದೇ ನೀರಿನೊಳಗಿನ ದನಿ. ಫ್ಲಾಪಿಯಲ್ಲಿ ಇದ್ದದ್ದು ಬರೀ ಚೀಟಿಗಳು, ಆ ಚೀಟಿಯ ವಿಳಾಸದಲ್ಲಿ ಈಗ ಯಾರೂ ಇಲ್ಲ. ಹಳೇ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮೆಷಿನ್ನಿನಲ್ಲಿ ಹುಡುಕಿದೆ. ಆ ತಾಣದ ಮುಖಪುಟ ಸಿಕ್ಕಿತು, ಅದೇ ಹಳದಿ ಅಕ್ಷರ, ಅದೇ ಮಿನುಗುವ ದೀಪ. ಹಾಡಿನ ಹೆಸರುಗಳೂ ಸಾಲಾಗಿವೆ. ಒತ್ತಿದರೆ ಏನೂ ಇಲ್ಲ. ಪುಟಗಳನ್ನು ಎತ್ತಿಡುವವರ ಕೈಗೆ ಇಂಥ ತೊಟ್ಟಿಕ್ಕುವ ಹಾಡು ಸಿಕ್ಕಿರಲಿಲ್ಲ.

ಆದರೆ ಚೀಟಿ ಪೂರ್ತಿ ದಂಡವಾಗಲಿಲ್ಲ. ವಿಳಾಸದಲ್ಲೇ ಹಾಡಿದವರ ಹೆಸರು, ಕ್ಯಾಸೆಟ್ಟಿನ ಹೆಸರು, ಎಷ್ಟನೇ ಹಾಡು ಎಲ್ಲ ಇತ್ತು. ಮನೆ ಬಿದ್ದರೂ ಬಾಗಿಲ ಮೇಲಿನ ಫಲಕ ಉಳಿದ ಹಾಗೆ. ಎರಡು ಸಂಜೆ ಕೂತು ಒಂದೊಂದನ್ನೇ ಫೋನಿನಲ್ಲಿ ಹುಡುಕಿದೆ. ಮುಕ್ಕಾಲು ಪಾಲು ಸಿಕ್ಕವು. ಪಟ್ಟಿ ಮಾಡಿ ಅಪ್ಪನ ಫೋನಿಗೆ ಹಾಕಿಕೊಟ್ಟೆ. "ಇದು ಫೋನಿನ ಒಳಗೆ ಇದೆಯೋ, ಜೋಗದಲ್ಲಿ ಇದೆಯೋ?" ಅಂತ ಕೇಳಿದರು. ಜೋಗದಲ್ಲಿ ಅಂದೆ. "ಹ್ಞಾಂ" ಅಂದರು, ಅಷ್ಟೇ. ಪಟ್ಟಿ ಮಾಡಿ ಮುಗಿಸುವಷ್ಟರಲ್ಲಿ ಅದರಲ್ಲಿ ಎರಡು ಹಾಡು ಆಗಲೇ ಬೂದಿ ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ, ಈ ಹಾಡು ಸದ್ಯ ಲಭ್ಯವಿಲ್ಲ.

ಉಳಿದದ್ದು 'ಇತರೆ'. ಅದರಲ್ಲಿ ಅಪ್ಪ ಹೆಸರಿಡುವ ಶ್ರಮ ತೆಗೆದುಕೊಂಡಿರಲಿಲ್ಲ. 'ಚೆನ್ನಾಗಿದೆ 1', 'ಚೆನ್ನಾಗಿದೆ 2', ಹೀಗೆ ಒಂಬತ್ತರ ತನಕ. ವಿಳಾಸದಲ್ಲೂ ಬರೀ ನಂಬರು. ರಿಜಿಸ್ಟರಿನಲ್ಲಿ ನೋಡೋಣ ಅಂದರೆ ಹಾಡಿದವರು, ರಾಗ ಎರಡೂ ಕಾಲಮ್ಮು ಖಾಲಿ, ಷರಾದಲ್ಲಿ ಒಂದಕ್ಕೆ ಮಾತ್ರ ಗೀಟು ಎಳೆದಿದ್ದಾರೆ. 'ಚೆನ್ನಾಗಿದೆ 2'. ಒಂದಲ್ಲ, ಎರಡು ಗೀಟು.

ಅಪ್ಪನಿಗೆ ತೋರಿಸಿದೆ. "ಇದ್ಯಾವುದು ಅಪ್ಪ? ಗಂಡಸರು ಹಾಡಿದ್ದಾ, ಹೆಂಗಸರಾ? ವಾದ್ಯವಾ?" ಕನ್ನಡಕ ಏರಿಸಿ ರಿಜಿಸ್ಟರನ್ನು ಹತ್ತಿರ ಹಿಡಿದರು. ತುಂಬ ಹೊತ್ತು ನೋಡಿದರು. ಅಮ್ಮನೂ ಬಂದು ಬಗ್ಗಿ ನೋಡಿದರು.

"ಜ್ಞಾಪಕ ಇಲ್ಲ ಪುಟ್ಟಿ" ಅಂದರು ಅಪ್ಪ. "ಚೆನ್ನಾಗೇ ಇದ್ದಿರ್ಬೇಕು. ಇಲ್ಲಾಂದ್ರೆ ಗೀಟು ಯಾಕೆ ಎಳೀತಿದ್ದೆ?"